ಪೂರ್ವಗ್ರಹವೆಂಬ ಅಳತೆಯ ದೋಷ

ಕಣಭೌತವಿಜ್ಞಾನ, ಲೇಸರ್ ತಂತ್ರಜ್ಞಾನ ಮತ್ತು ಸಾಮಾಜಿಕ ಪೂರ್ವಗ್ರಹ ಎಂಬ ಮೂರು ವಿಷಯಗಳನ್ನು ಒಂದೇ ವಿಚಾರ ಸಂಕಿರಣದಲ್ಲಿ ಚರ್ಚೆಗೆ ಎತ್ತಿಕೊಂಡಿರುವುದರ ಹಿಂದೆ ಒಂದು ಖಚಿತವಾದ ಆಶಯವಿದೆ. ಭೌತವಿಜ್ಞಾನಿಗಳು ಅಳತೆಯ ತಪ್ಪುಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ: ಒಮ್ಮೆ ಹೆಚ್ಚಾಗಿ ಒಮ್ಮೆ ಕಡಿಮೆಯಾಗಿ ಬರುವ, ಹಲವು ಸಲ ಅಳೆದರೆ ತಾನಾಗಿ ಸರಿದೂಗುವ ಯಾದೃಚ್ಛಿಕ ದೋಷ ಒಂದು, ಎಷ್ಟು ಸಲ ಅಳೆದರೂ ಒಂದೇ ದಿಕ್ಕಿಗೆ ವಾಲುವ, ಉಪಕರಣದಲ್ಲೇ ಅಡಗಿರುವ ವ್ಯವಸ್ಥಿತ ದೋಷ ಇನ್ನೊಂದು. ಜಾತಿ, ಲಿಂಗ, ಭಾಷೆಗಳ ಪೂರ್ವಗ್ರಹವು ಈ ಎರಡನೆಯ ಬಗೆಗೆ ಸೇರಿದ್ದು. ಅದನ್ನು ಸಂಶೋಧನೆಯ ಹೊರಗಿನ ನೀತಿಯ ಪ್ರಶ್ನೆಯೆಂದು ಬದಿಗಿಟ್ಟಷ್ಟು ಕಾಲವೂ ಅದು ಫಲಿತಾಂಶಗಳನ್ನು ವಾಲಿಸುತ್ತಲೇ ಇರುತ್ತದೆ.

ದಕ್ಷಿಣ ಬೆಂಗಳೂರಿಗೆ ಇಂಥ ಚರ್ಚೆ ಹೊಸತೇನೂ ಅಲ್ಲ. ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜದ ಭೌತವಿಜ್ಞಾನ ಕುರಿತು ಡಾಕ್ಟರೇಟ್ ಪಡೆದು ಬಂದ ಎಚ್. ನರಸಿಂಹಯ್ಯನವರು, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿ ರಚಿಸಿದರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬ ಅವರ ಹಟ ಈ ಭಾಗದ ಹಲವು ತಲೆಮಾರುಗಳನ್ನು ತಿದ್ದಿದೆ. ಆದರೆ ಆ ಪ್ರಶ್ನೆ ಹೆಚ್ಚಾಗಿ ಹೊರಗಿನ ಮೂಢನಂಬಿಕೆಗಳತ್ತ ತಿರುಗಿತೇ ಹೊರತು, ಪ್ರಯೋಗಾಲಯದೊಳಗಿನ ನಂಬಿಕೆಗಳತ್ತ ಅಷ್ಟಾಗಿ ತಿರುಗಲಿಲ್ಲ.

ಆ ಒಳಗಿನ ನಂಬಿಕೆಗಳ ದಾಖಲೆ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ನರು 1933ರಲ್ಲಿ ಕಮಲಾ ಭಾಗವತ್ ಅವರಿಗೆ ಹೆಣ್ಣೆಂಬ ಕಾರಣಕ್ಕೆ ಮೊದಲು ಪ್ರವೇಶ ನಿರಾಕರಿಸಿ, ಆಕೆ ಪಟ್ಟುಹಿಡಿದ ಮೇಲೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನೊಡನೆ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೋನಿ ಎಂದು ಹೆಸರಾದ ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. 1940ರಲ್ಲಿ ರಾಮನ್ನರ ಪ್ರಯೋಗಾಲಯ ಸೇರಿದ ಅನ್ನಾ ಮಣಿಯವರ ಪ್ರಕರಣ ಇನ್ನೂ ಹತ್ತಿರದಿಂದ ನೋಡಬೇಕಾದದ್ದು. ಅವರ ವಿಷಯ ವಜ್ರ ಮತ್ತು ಮಾಣಿಕ್ಯಗಳ ಪ್ರತಿದೀಪ್ತಿ, ಅಂದರೆ ಹರಳೊಂದು ಬೆಳಕನ್ನು ಹೀರಿಕೊಂಡು ತನ್ನದೇ ಬಣ್ಣದ ಬೆಳಕನ್ನು ಹೊರಸೂಸುವ ಕ್ರಿಯೆ. ಹರಳನ್ನು ದ್ರವಗಾಳಿಯ ತಣ್ಪಿನಲ್ಲಿಟ್ಟು, ಅದು ಸೂಸುವ ಕ್ಷೀಣ ಬೆಳಕನ್ನು ಛಾಯಾಫಲಕದ ಮೇಲೆ ಹಿಡಿಯಲು ಕೆಲವೊಮ್ಮೆ 15ರಿಂದ 20 ಗಂಟೆ ಕಾಯಬೇಕಿತ್ತು. ಆದ್ದರಿಂದ ಮಣಿಯವರು ಎಷ್ಟೋ ರಾತ್ರಿ ಪ್ರಯೋಗಾಲಯದಲ್ಲೇ ಕಳೆದರು. 1942 ಮತ್ತು 1945ರ ನಡುವೆ ಒಬ್ಬರೇ ಬರೆದ ಐದು ಲೇಖನಗಳನ್ನು ಪ್ರಕಟಿಸಿ, 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದಾಗ, ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ದೊರೆಯಲಿಲ್ಲ. ಆ ಪ್ರಬಂಧ ಇಂದಿಗೂ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ.

ಮಾಣಿಕ್ಯದ ಕೆಂಪಿಗೆ ಕಾರಣ ಅದರಲ್ಲಿ ಅಲ್ಪ ಪ್ರಮಾಣದಲ್ಲಿ ಬೆರೆತಿರುವ ಕ್ರೋಮಿಯಂ ಅಯಾನುಗಳು. 1960ರ ಮೇ 16ರಂದು ಕ್ಯಾಲಿಫೋರ್ನಿಯಾದಲ್ಲಿ ಥಿಯೊಡೋರ್ ಮೈಮನ್ ಜಗತ್ತಿನ ಮೊದಲ ಲೇಸರನ್ನು ಬೆಳಗಿಸಿದ್ದು ಇದೇ ಅಯಾನುಗಳಿಂದ: ಸುರುಳಿ ದೀಪದ ಮಿಂಚು ಅವನ್ನು ಮೇಲಿನ ಶಕ್ತಿಮಟ್ಟಕ್ಕೇರಿಸಿತು, ಅಲ್ಲಿಂದ ಇಳಿಯುವಾಗ ಅವು ಒಂದೇ ತರಂಗಾಂತರದ, ಹೆಜ್ಜೆ ತಪ್ಪದ ಕೆಂಪು ಬೆಳಕನ್ನು ಸೂಸಿದವು. ಮಣಿಯವರ ಕೆಲಸದಿಂದ ಲೇಸರ್ ಹುಟ್ಟಿತೆನ್ನುವುದು ಇತಿಹಾಸಕ್ಕೆ ಬಗೆವ ದ್ರೋಹವಾದೀತು. ಹೇಳಬೇಕಾದದ್ದು ಇಷ್ಟೇ: ಮುಂದೆ ಅಷ್ಟು ಮಹತ್ವ ಪಡೆದ ವಸ್ತುವೊಂದರ ಬಗ್ಗೆ ವರ್ಷಗಟ್ಟಲೆ ದುಡಿದ ಸಂಶೋಧಕಿಯೊಬ್ಬರು ಆ ಕ್ಷೇತ್ರವನ್ನೇ ಬಿಟ್ಟು ಹವಾಮಾನ ಉಪಕರಣಗಳತ್ತ ಹೊರಳಿದರು. ಅದರಿಂದ ಹವಾಮಾನ ವಿಜ್ಞಾನಕ್ಕೆ ಅಪಾರ ಲಾಭವಾಯಿತು. ಭೌತವಿಜ್ಞಾನಕ್ಕಾದ ನಷ್ಟವನ್ನು ಮಾತ್ರ ಯಾರೂ ಲೆಕ್ಕ ಹಾಕಲಿಲ್ಲ.

ಕೋಲಾರ ಚಿನ್ನದ ಗಣಿಯ ಕಥೆ ಇದೇ ದೋಷದ ಮತ್ತೊಂದು ಮುಖ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲೇ ಅಲ್ಲಿ ಮ್ಯುಯಾನ್‌ಗಳನ್ನು, ಅಂದರೆ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ, ಎಲೆಕ್ಟ್ರಾನಿಗಿಂತ ಸುಮಾರು 207 ಪಟ್ಟು ಭಾರದ ಕಣಗಳನ್ನು, ಬೇರೆ ಬೇರೆ ಆಳಗಳಲ್ಲಿ ಅಳೆಯತೊಡಗಿದರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಬ್ರಿಟನ್ನಿನ ಡರ್ಹಮ್‌ನ ವಿಜ್ಞಾನಿಗಳ ತಂಡ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹನ್ನು ಪತ್ತೆಹಚ್ಚಿತು. ಮೇಲಿನಿಂದ ಬರುವ ಮ್ಯುಯಾನ್‌ಗಳನ್ನು ಬಂಡೆ ಬಹುಮಟ್ಟಿಗೆ ತಡೆಯುವುದರಿಂದ, ಅಡ್ಡಲಾಗಿ ಹಾದು ಬರುವ ಮ್ಯುಯಾನ್ ಕಂಡರೆ ಅದು ಬಂಡೆಯೊಳಗೆ ನ್ಯೂಟ್ರಿನೊ ಡಿಕ್ಕಿಯಿಂದ ಹುಟ್ಟಿದ್ದೆಂದು ತಿಳಿಯಬಹುದಿತ್ತು. ಆ ಆಳವನ್ನು ತೋಡಿದವರು, ಸುರಂಗವನ್ನು ಕುಸಿಯದಂತೆ ಕಾಯ್ದವರು ಬಹುಪಾಲು ತಮಿಳು ನುಡಿಯುವ ದಲಿತ ಕಾರ್ಮಿಕರು. ಅವರ ಬೆವರಿಲ್ಲದೆ ಆ ಪ್ರಯೋಗಕ್ಕೆ ನೆಲೆಯೇ ಇರುತ್ತಿರಲಿಲ್ಲ, ಆದರೂ ಕಣಭೌತವಿಜ್ಞಾನದ ಚರಿತ್ರೆಯಲ್ಲಿ ಅವರು ಹೆಸರಿಲ್ಲದವರಾಗಿಯೇ ಉಳಿದಿದ್ದಾರೆ.

ಪೂರ್ವಗ್ರಹವನ್ನು ಅಳೆಯಲಾಗದು ಎಂಬ ಮಾತು ಈಗ ನಿಲ್ಲುವುದಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಾಸಗಿ ಉದ್ಯೋಗಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳಿಸಿದಾಗ, ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು ಮಾತ್ರ ಇತ್ತು. ಹಬಲ್ ದೂರದರ್ಶಕದ ಬಳಕೆಗೆ ಬರುವ ಪ್ರಸ್ತಾವಗಳನ್ನು 2018ರಲ್ಲಿ ಹೆಸರು ಮರೆಮಾಡಿ ಪರಿಶೀಲಿಸಿದಾಗ, ಅಲ್ಲಿಯವರೆಗೆ ವರ್ಷವರ್ಷವೂ ಹಿಂದುಳಿದಿದ್ದ ಮಹಿಳೆಯರ ಯಶಸ್ಸಿನ ಪ್ರಮಾಣ ಗಂಡಸರದನ್ನು ಮೀರಿತು. ಅಂದರೆ ದೋಷವನ್ನು ಅಳೆಯಬಹುದು, ತಿದ್ದಲೂಬಹುದು.

ದಕ್ಷಿಣ ಬೆಂಗಳೂರಿನ ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಿಗೆ ಬೇರೆ ಜಿಲ್ಲೆಗಳಿಂದ ಓದಲು ಬರುವ ವಿದ್ಯಾರ್ಥಿ ಬಾಡಿಗೆ ಕೋಣೆ ಕೇಳಿದಾಗ ಎದುರಾಗುವ ಮೊದಲ ಪ್ರಶ್ನೆ ಅನೇಕ ಕಡೆ ಊಟದ ಪದ್ಧತಿಯದು, ಅದರ ಹಿಂದಿರುವುದು ಜಾತಿಯದು. ಅದೇ ವಿದ್ಯಾರ್ಥಿ ಸಂಶೋಧನೆಯ ಸಂದರ್ಶನಕ್ಕೆ ಕುಳಿತಾಗ ಆ ಪ್ರಶ್ನೆ ಬೇರೆ ರೂಪದಲ್ಲಿ, ಇಂಗ್ಲಿಷ್ ಉಚ್ಚಾರಣೆಯ ಅಥವಾ ಓದಿದ ಕಾಲೇಜಿನ ಹೆಸರಿನ ರೂಪದಲ್ಲಿ, ಮರಳಿ ಬರಬಾರದು. ಪಿಎಚ್.ಡಿ. ಪ್ರವೇಶದಲ್ಲಿ ಲಿಖಿತ ಪರೀಕ್ಷೆಯ ಅಂಕಕ್ಕೂ ಸಂದರ್ಶನದ ಅಂಕಕ್ಕೂ ಇರುವ ಅಂತರವನ್ನು ಸಾಮಾಜಿಕ ವರ್ಗವಾರು, ಲಿಂಗವಾರು ಲೆಕ್ಕ ಹಾಕಿ ಪ್ರತಿವರ್ಷ ಪ್ರಕಟಿಸುವುದು ಯಾವ ಸಂಸ್ಥೆಗೂ ಕಷ್ಟದ ಕೆಲಸವಲ್ಲ. ಲೇಸರ್ ಮತ್ತು ಕಣಭೌತವಿಜ್ಞಾನದ ಗೋಷ್ಠಿಗಳು ತಮ್ಮ ಉಪಕರಣಗಳ ದೋಷಗಳನ್ನು ಚರ್ಚಿಸುವಾಗಲೇ ಈ ಅಂತರವನ್ನು ಅಳೆಯುವ ವಿಧಾನವನ್ನೂ ರೂಪಿಸಿ, ಸಂಕಿರಣ ಮುಗಿಯುವ ಮುನ್ನ ಬೆಂಗಳೂರಿನ ಸಂಶೋಧನಾ ಸಂಸ್ಥೆಗಳ ಮುಂದಿಡಬೇಕೆಂಬುದು ಈ ಸಂಕಿರಣದ ನಿರೀಕ್ಷೆ.