ಘಟ್ಟದ ನಂಟರು

(ಬೈಲಹೊಂಗಲದಲ್ಲಿ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆಯ ನಾವು ಬಯಲುಸೀಮೆಯ ಜನ. ನಮ್ಮ ರಾಜ್ಯಕ್ಕೆ ಕಡಲೂ ಉಂಟು, ಕಾಡೂ ಉಂಟು ಎಂಬುದು ನಮಗೆ ನೆನಪಾಗುವುದು ಅಪರೂಪ. ಆದರೆ ನಮ್ಮ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯ ಘಟ್ಟದಲ್ಲಿ. ಅಲ್ಲಿ ಮಳೆಯನ್ನು ಅಡಿಗಳಲ್ಲಿ ಅಳೆಯಬೇಕು. ರಾಮದುರ್ಗದಲ್ಲಿ ಅಂಗುಲಗಳಲ್ಲಿ ಅಳೆದರೆ ಸಾಕು. ಅಲ್ಲಿ ಬಿದ್ದ ಮಳೆಯೇ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು ನಮ್ಮ ಹೊಲಗಳಿಗೆ ಬರುತ್ತದೆ.

ವ್ಯಾಪಾರದ ನಂಟೂ ಹಳೆಯದೇ. 19ನೆಯ ಶತಮಾನದಲ್ಲಿ, ಈ ಭಾಗಕ್ಕೆ ರೈಲು ಬರುವ ಮೊದಲು, ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಸಾಗುತ್ತಿತ್ತು. ಆ ಹತ್ತಿಗೆ ಪೇಟೆಯಲ್ಲಿ ಬಿದ್ದ ಹೆಸರೇ 'ಕುಮಟಾ'. ಬೆಳೆದ ಹೊಲ ಇಲ್ಲಿಯದು, ಹೆಸರು ಬಂದರಿನದು. ದುಡಿದವನ ಹೆಸರು ಮರೆಯಾಗುವುದು ನಮಗೇನು ಹೊಸದಲ್ಲ. ಹಾಗೆ ಮರೆಯಾದ ಎರಡು ಸಮುದಾಯಗಳ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕಾಗಿದೆ.

ಮೊದಲನೆಯವರು ಸಿದ್ದಿಗಳು. ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ಹಿಡಿದು ತಂದವರ ಸಂತತಿ ಇವರು. ಗೋವೆಯ ಪೋರ್ಚುಗೀಜರ ಕೈಯಿಂದ ತಪ್ಪಿಸಿಕೊಂಡವರಿಗೆ ಘಟ್ಟದ ಕಾಡೇ ಆಸರೆಯಾಯಿತು. ಇಂದು ಅವರು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಕಲಘಟಗಿ ಹಾಗೂ ನಮ್ಮ ಜಿಲ್ಲೆಯ ಖಾನಾಪುರದಲ್ಲಿದ್ದಾರೆ. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. ದಮಾಮಿ ಬಾರಿಸಿದರೆ ಮೂವರೂ ಒಂದೇ ಅಂಗಳದಲ್ಲಿ ಕುಣಿಯುತ್ತಾರೆ. ಜಾತಿ ಜಾತಿಗೊಂದು ಓಣಿ ಕಟ್ಟಿಕೊಂಡ ನಾವು ಅವರಿಂದ ಕಲಿಯುವುದು ಬಹಳವಿದೆ. ಅವರ ಹೆಂಗಸರು ಹಳೆ ಅರಿವೆಯ ತುಂಡು ಸೇರಿಸಿ ಹೊಲಿಯುವ ಕೌದಿ ನಮ್ಮ ತಾಯಂದಿರು ಹೊಲಿಯುವ ಕೌದಿಯ ಒಡಹುಟ್ಟು. ಸಂಗೊಳ್ಳಿ ರಾಯಣ್ಣನ ದಂಡಿನಲ್ಲಿ ಗಜವೀರನೆಂಬ ಸಿದ್ದಿ ಬಂಟನಿದ್ದನೆಂದು ನಮ್ಮ ಜನ ಇಂದಿಗೂ ಹೇಳುತ್ತಾರೆ. 1831ರಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡವೂ ಅದೇ ಖಾನಾಪುರ ತಾಲೂಕಿನದು.

ಎರಡನೆಯವರು ಘಟ್ಟದ ಕೆಳಗಿನ ಹಾಲಕ್ಕಿ ಒಕ್ಕಲಿಗರು. ಅಂಕೋಲೆ, ಕುಮಟೆಗಳ ಕಡೆ ಬೆಟ್ಟಕ್ಕೂ ಕಡಲಿಗೂ ನಡುವಿನ ಕೊಪ್ಪಗಳಲ್ಲಿ ಅವರ ವಾಸ. ಹೆಂಗಸರ ಕೊರಳ ತುಂಬ ಕರಿಮಣಿ ಸರ. ಸುಗ್ಗಿಯಲ್ಲಿ ಗಂಡಸರ ತಲೆಯ ಮೇಲೆ ತುರಾಯಿ. ಕೂಲಿ ಮಾಡಿ ಬದುಕಿದ ಸುಕ್ರಿ ಬೊಮ್ಮಗೌಡರು ಸಾವಿರಾರು ಹಾಡುಗಳನ್ನು ಬಾಯಲ್ಲೇ ಉಳಿಸಿದರು, ಸಾರಾಯಿಯ ವಿರುದ್ಧ ಹೋರಾಡಿದರು. ತುಳಸಿ ಗೌಡರು ಅರಣ್ಯ ಇಲಾಖೆಯ ಸಸಿ ತೋಟದಲ್ಲಿ ದಶಕಗಳ ಕಾಲ ದಿನಗೂಲಿ ಮಾಡಿ ಲೆಕ್ಕವಿಲ್ಲದಷ್ಟು ಗಿಡ ಬೆಳೆಸಿದರು. ಇಬ್ಬರಿಗೂ ಪದ್ಮಶ್ರೀ ಬಂತು. ತುಳಸಿ ಗೌಡರು 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ನಡೆದು ಹೋದದ್ದನ್ನು ದೇಶವೆಲ್ಲ ನೋಡಿತು.

ಪದಕವೇನೋ ಬಂತು. ಹಕ್ಕು ಬಂತೇ?

ಉತ್ತರ ಕನ್ನಡದ ಸಿದ್ದಿಗಳ ಹೆಸರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳದು ಸೇರಿದ್ದು 2020ರಲ್ಲಿ. ರಕ್ತ ಒಂದೇ, ಕಾಡು ಒಂದೇ. ನಡುವೆ ಜಿಲ್ಲೆಯ ಗಡಿ ಇತ್ತೆಂಬ ಕಾರಣಕ್ಕೆ ಅಣ್ಣನಿಗೆ ಸಿಕ್ಕದ್ದು ತಮ್ಮನಿಗೆ ಸಿಗಲು 17 ವರ್ಷ ಬೇಕಾಯಿತು. ಹಾಲಕ್ಕಿಗಳೂ ಬಹುಕಾಲದಿಂದ ಅದನ್ನೇ ಕೇಳುತ್ತ ಬಂದವರು. ತುಳಸಿ ಗೌಡರು 2024ರಲ್ಲಿ, ಸುಕ್ರಿ ಬೊಮ್ಮಗೌಡರು 2025ರಲ್ಲಿ ತೀರಿಕೊಂಡರು. ತಮ್ಮ ಜನರ ಹೆಸರು ಪಟ್ಟಿಗೆ ಸೇರಿದ್ದನ್ನು ಇಬ್ಬರೂ ಕಾಣಲಿಲ್ಲ.

ಪಟ್ಟಿಯಲ್ಲೇನಿದೆ ಎಂದು ನೀವು ಕೇಳಬಹುದು. 2006ರ ಅರಣ್ಯ ಹಕ್ಕು ಕಾನೂನನ್ನು ನೋಡಿರಿ. ಪಟ್ಟಿಯಲ್ಲಿದ್ದವನು 2005ರ ಡಿಸೆಂಬರ್ 13ಕ್ಕೆ ಮೊದಲೇ ಆ ಅರಣ್ಯಭೂಮಿ ತನ್ನ ವಶದಲ್ಲಿತ್ತೆಂದು ತೋರಿಸಿದರೆ ಸಾಕು. ಪಟ್ಟಿಯಲ್ಲಿಲ್ಲದವನು ಮೂರು ತಲೆಮಾರು, ಎಂದರೆ 75 ವರ್ಷ, ಕಾಡಿನಲ್ಲೇ ಬಾಳಿದ್ದಕ್ಕೆ ರುಜುವಾತು ಕೊಡಬೇಕು. ಅಕ್ಷರ ಕಲಿಸದೆ ಬಿಟ್ಟವರ ಹತ್ತಿರ ಅಜ್ಜನ ಕಾಲದ ಕಾಗದ ಕೇಳುವುದು ಯಾವ ನ್ಯಾಯ? ನಿಮ್ಮಜ್ಜ ಜಿನ್ನಿನಲ್ಲಿ ದುಡಿದ ಹಾಜರಿ ಪುಸ್ತಕ ತಂದರೆ ಮಾತ್ರ ಈ ವಾರದ ಪಗಾರವೆಂದರೆ ನಮ್ಮಲ್ಲಿ ಎಷ್ಟು ಮಂದಿ ತಂದೇವು?

ಆದುದರಿಂದ ನಮ್ಮ ವಿನಂತಿ ಇಷ್ಟೆ. ದಾಂಡೇಲಿಗೋ ಕಾರವಾರಕ್ಕೋ ಪ್ರವಾಸ ಹೋದಾಗ ರೊಕ್ಕ ಚೆಲ್ಲಿ ಇವರನ್ನು ಕುಣಿಸಿ, ಚಿತ್ರ ತೆಗೆದುಕೊಂಡು ಬಂದುಬಿಡಬೇಡಿರಿ. ಹೊಲದ ಕಾಗದವಿದೆಯೇ, ಮಕ್ಕಳ ಶಾಲೆ ಎಷ್ಟು ದೂರ ಎಂದು ಕೇಳಿರಿ. ಖಾನಾಪುರದ ಸಿದ್ದಿ ಜೇನು ತಂದು ನಿಮ್ಮ ಅಂಗಡಿಗೆ ಬಂದರೆ ತೂಕದಲ್ಲಿ ಮೋಸವಾಗದಂತೆ ನೋಡಿರಿ. ಅವರ ಅರ್ಜಿಗೆ ಸಹಿ ಬೇಕಾದಾಗ ನಮ್ಮ ಸಂಘಗಳ ಸಹಿಯೂ ಇರಲಿ.

ಘಟ್ಟದ ನೀರನ್ನು ನಾವು ನಮ್ಮದೆನ್ನುತ್ತೇವೆ. ಘಟ್ಟದ ಜನರನ್ನೂ ನಮ್ಮವರೆನ್ನೋಣ.