ಇಪ್ಪತ್ತನಾಲ್ಕು ಸೆಕೆಂಡಿನ ಲೆಕ್ಕ



ನಿಯಮ ಮತ್ತು ಸ್ವರೂಪದ ಬದಲಾವಣೆಗಳು ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿನ ಮೇಲೆ ಏನು ಪರಿಣಾಮ ಬೀರುತ್ತವೆ ಎಂಬುದು ಈ ಎರಡು ದಿನದ ಚರ್ಚೆಯ ವಿಷಯ. ನಾನು ಅಮೆರಿಕದ ಎನ್‌ಬಿಎ ಒಂದನ್ನೇ ಹಿಡಿದು ಮಾತಾಡುತ್ತೇನೆ. ನಿಯಮಗಳನ್ನು ಇಷ್ಟು ಸಲ ತಿದ್ದಿ, ತಿದ್ದಿದ್ದರ ಫಲವನ್ನು ಅಂಕಿಗಳಲ್ಲಿ ಇಷ್ಟು ಚೆನ್ನಾಗಿ ಕಾಪಿಟ್ಟ ಲೀಗ್ ಇನ್ನೊಂದು ಸಿಗುವುದು ಕಷ್ಟ.

1950ರ ನವೆಂಬರ್ 22. ಮಿನಿಯಾಪೊಲಿಸ್‌ನಲ್ಲಿ ಲೇಕರ್ಸ್ ಮತ್ತು ಫೋರ್ಟ್ ವೇನ್ ಪಿಸ್ಟನ್ಸ್ ನಡುವೆ ಪಂದ್ಯ. ಲೇಕರ್ಸ್ ತಂಡದಲ್ಲಿ ಆರು ಅಡಿ ಹತ್ತಂಗುಲದ ಜಾರ್ಜ್ ಮೈಕನ್ ಇದ್ದರು. ಅವರನ್ನು ಎದುರು ನಿಂತು ತಡೆಯುವುದು ಆಗದ ಮಾತು. ಹಾಗಾಗಿ ಪಿಸ್ಟನ್ಸ್ ಆಟಗಾರರು ಚೆಂಡನ್ನೇ ಬಿಟ್ಟುಕೊಡದೆ ತಮ್ಮಲ್ಲೇ ಪಾಸ್ ಮಾಡುತ್ತ, ಹಿಡಿದು ನಿಲ್ಲುತ್ತ ಕಾಲ ತಳ್ಳಿದರು. ಕೊನೆಯ ಕ್ವಾರ್ಟರಿನ ಹನ್ನೆರಡು ನಿಮಿಷದಲ್ಲಿ ಎರಡೂ ತಂಡ ಸೇರಿ ಗಳಿಸಿದ್ದು ನಾಲ್ಕೇ ಅಂಕ. ಪಿಸ್ಟನ್ಸ್ 19–18ರಿಂದ ಗೆದ್ದಿತು. ಲೇಕರ್ಸ್‌ನ ಹದಿನೆಂಟರಲ್ಲಿ ಹದಿನೈದು ಮೈಕನ್ ಅವರದೇ. ಪಿಸ್ಟನ್ಸ್ ಯಾವ ನಿಯಮವನ್ನೂ ಮುರಿಯಲಿಲ್ಲ. ದುಡ್ಡು ಕೊಟ್ಟು ಬಂದವರಿಗೆ ಮಾತ್ರ ಆಟ ಸಿಗಲಿಲ್ಲ.

ಇನ್ನೊಂದು ಕಾಯಿಲೆ ಫೌಲ್. ಮುಂದಿರುವ ತಂಡ ಚೆಂಡು ಹಿಡಿದು ಕೂತರೆ ಹಿಂದಿರುವವರು ಫೌಲ್ ಮಾಡದೆ ಏನು ಮಾಡಿಯಾರು? 1953ರ ಮಾರ್ಚ್‌ನಲ್ಲಿ ಬಾಸ್ಟನ್ ಮತ್ತು ಸಿರಾಕ್ಯೂಸ್ ನಡುವಿನ ಪ್ಲೇ-ಆಫ್ ಪಂದ್ಯ ನಾಲ್ಕು ಓವರ್‌ಟೈಮ್ ಕಂಡಿತು, ಫೌಲ್‌ಗಳು ನೂರು ದಾಟಿದವು. ಬಾಸ್ಟನ್ನಿನ ಬಾಬ್ ಕೂಸಿ ಅಂದು 50 ಅಂಕ ಗಳಿಸಿದರು. ಅದರಲ್ಲಿ 30 ಫ್ರೀ ಥ್ರೋಗಳಿಂದಲೇ ಬಂದವು.

ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಬೌಲಿಂಗ್ ಆಲಿ ನಡೆಸುತ್ತಿದ್ದವರು. ಅವರೂ ಅವರ ತಂಡದ ಆಡಳಿತ ನೋಡುತ್ತಿದ್ದ ಲಿಯೋ ಫೆರಿಸ್ ಅವರೂ ಹಾಕಿದ ಲೆಕ್ಕ ಶಾಲೆಯ ಭಾಗಾಕಾರ. ನೋಡಲು ಚೆನ್ನಾಗಿರುವ ಪಂದ್ಯದಲ್ಲಿ ಒಂದೊಂದು ತಂಡ ಸುಮಾರು 60 ಸಲ ಎಸೆಯುತ್ತದೆ, ಒಟ್ಟು 120. ಪಂದ್ಯದ ಅವಧಿ 48 ನಿಮಿಷ, ಅಂದರೆ 2,880 ಸೆಕೆಂಡ್. ಭಾಗಿಸಿದರೆ 24. ಚೆಂಡು ಸಿಕ್ಕ ತಂಡ ಅಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕು ಎನ್ನುವ ಶಾಟ್ ಕ್ಲಾಕ್ 1954–55ರಿಂದ ಬಂತು. ತಂಡವೊಂದರ ಸರಾಸರಿ ಅಂಕ ಒಂದೇ ಋತುವಿನಲ್ಲಿ 79ರ ಆಸುಪಾಸಿನಿಂದ 93ಕ್ಕೆ ಏರಿತು. ಆ ವರ್ಷದ ಚಾಂಪಿಯನ್‌ಶಿಪ್ಪೂ ಸಿರಾಕ್ಯೂಸ್‌ಗೇ ಹೋಯಿತು. ಫೈನಲ್‌ನ ಏಳನೆಯ ಪಂದ್ಯದಲ್ಲಿ ಒಂದೇ ಅಂಕದಿಂದ ಸೋತವರು ಅದೇ ಪಿಸ್ಟನ್ಸ್.

ಈ ಕತೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಅದೇ ವರ್ಷ ಬಂದ ಇನ್ನೊಂದು ನಿಯಮದ ಹೆಸರೆತ್ತುವವರು ಕಡಿಮೆ. ಒಂದು ಕ್ವಾರ್ಟರಿನಲ್ಲಿ ತಂಡ ಮಾಡಬಹುದಾದ ಫೌಲ್‌ಗಳಿಗೆ ಮಿತಿ ಹಾಕಿ, ಮೀರಿದರೆ ಎದುರಾಳಿಗೆ ಹೆಚ್ಚುವರಿ ಫ್ರೀ ಥ್ರೋ ಎಂದರು. ಗಡಿಯಾರ ಮಾತ್ರ ತಂದಿದ್ದರೆ ತಂಡಗಳು 24 ಸೆಕೆಂಡಿನೊಳಗೇ ಒಬ್ಬರನ್ನೊಬ್ಬರು ಹಿಡಿದೆಳೆಯುತ್ತಿದ್ದವು. ಜೋಡಿಯಾಗಿ ಬಂದಿದ್ದರಿಂದಲೇ ಎರಡೂ ಉಳಿದವು ಎಂಬುದು ನನ್ನ ಅಭಿಪ್ರಾಯ. ಒಂದು ನಿಯಮವನ್ನು ಬಿಡಿಯಾಗಿ ಕಿತ್ತು ಅಳೆಯುವ ಪ್ರಬಂಧಗಳ ಬಗ್ಗೆ ನನಗೆ ಇರುವ ತಕರಾರೂ ಇದೇ.

ಎರಡನೆಯ ತಕರಾರು ಅಳೆಯುವ ಅವಧಿಯ ಬಗ್ಗೆ. ಎನ್‌ಬಿಎ ಮೂರು ಅಂಕದ ಗೆರೆ ಎಳೆದದ್ದು 1979ರಲ್ಲಿ. ಮೊದಲ ಋತುವಿನಲ್ಲಿ ತಂಡವೊಂದು ಪಂದ್ಯಕ್ಕೆ ಮೂರು ಸಲವೂ ಅಲ್ಲಿಂದ ಎಸೆಯಲಿಲ್ಲ. ಅಂದು ಯಾರಾದರೂ ಅಧ್ಯಯನ ಮಾಡಿದ್ದರೆ ನಿಯಮ ಸೋತಿತು ಎಂದೇ ಷರಾ ಬರೆಯುತ್ತಿದ್ದರು. 2024–25ರಲ್ಲಿ ಆ ಸಂಖ್ಯೆ 37 ದಾಟಿತು. ಮೂರಕ್ಕೆ ಒಂದು ಬಿದ್ದರೂ ಸಾಕು, ಎರಡಂಕದ ಎಸೆತದಲ್ಲಿ ಅರ್ಧಕ್ಕರ್ಧ ಬಿದ್ದದ್ದಕ್ಕೆ ಸಮ. ಈ ಲೆಕ್ಕ 1979ರಲ್ಲೂ ಅಷ್ಟೇ ನಿಜವಾಗಿತ್ತು. ಆದರೆ ರಿಂಗಿನ ಹತ್ತಿರ ಹೋಗಿ ಹಾಕುವುದೇ ಒಳ್ಳೆಯ ಆಟ ಎಂದು ಕಲಿತಿದ್ದ ಕೋಚ್‌ಗಳು ಅದನ್ನು ನಂಬಲು ಒಂದು ತಲೆಮಾರು ಹಿಡಿಯಿತು. ನಂಬಿದ ಮೇಲೆ ಅತಿಗೇ ಹೋಯಿತು. 2017–18ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ಎರಡಂಕಕ್ಕಿಂತ ಮೂರಂಕದ ಎಸೆತಗಳನ್ನೇ ಹೆಚ್ಚು ಎಸೆದ ಮೊದಲ ತಂಡವಾಯಿತು. ಅದೇ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರಿನ ನಿರ್ಣಾಯಕ ಏಳನೆಯ ಪಂದ್ಯದಲ್ಲಿ ಸತತ 27 ತ್ರೀ ಪಾಯಿಂಟರ್‌ಗಳಲ್ಲಿ ಗುರಿ ತಪ್ಪಿ ಮನೆಗೆ ಹೋಯಿತು.

ನಡುವೆ ಲೀಗ್ ಒಂದು ಪ್ರಯೋಗ ಮಾಡಿ ಕೈ ಸುಟ್ಟುಕೊಂಡದ್ದೂ ಉಂಟು. 1994ರಲ್ಲಿ ಅಂಕ ಹೆಚ್ಚಲಿ ಎಂದು 23 ಅಡಿ 9 ಅಂಗುಲದ ಗೆರೆಯನ್ನು 22 ಅಡಿಗೆ ತಂದರು. ದೂರದ ಎಸೆತಗಳು ಏರಿದವು. ಅಂಕ ಮಾತ್ರ ಇಳಿಯಿತು, ಮೂರು ವರ್ಷದಲ್ಲಿ ಸರಾಸರಿ 101ರಿಂದ 97ರ ಸಮೀಪಕ್ಕೆ. ಆಟ ನಿಧಾನವಾಗಿತ್ತು, ಡಿಫೆನ್ಸ್ ಒರಟಾಗಿತ್ತು. ಗೆರೆ ಸರಿಸಿದರೆ ಅವೆರಡೂ ಹೇಗೆ ಸರಿಹೋಗುತ್ತವೆ? 1997ರಲ್ಲಿ ಗೆರೆ ಹಿಂದಿನ ಜಾಗಕ್ಕೇ ಮರಳಿತು. ನಿಜವಾದ ಮದ್ದು ಸಿಕ್ಕಿದ್ದು 2004ರಲ್ಲಿ, ಚೆಂಡು ಹಿಡಿದು ಬರುವವನನ್ನು ಕೈಯಿಂದ ತಡೆಯುವುದರ ಮೇಲೆ ರೆಫರಿಗಳು ಬಿಗಿಯಾಗಿ ಸೀಟಿ ಊದತೊಡಗಿದಾಗ. ಹಿಂದಿನ ವರ್ಷ 29 ಪಂದ್ಯ ಗೆದ್ದಿದ್ದ ಫೀನಿಕ್ಸ್ ಸನ್ಸ್, ಆ ಋತುವಿಗೆ ತಂಡ ಸೇರಿದ ಸ್ಟೀವ್ ನ್ಯಾಶ್ ಅವರ ಓಟದ ಆಟದಿಂದ 62 ಗೆದ್ದಿತು.

ಸ್ವರೂಪದ ಬದಲಾವಣೆಗಳ ವಿಷಯಕ್ಕೆ ಬಂದರೆ, ಅವು ಹೆಚ್ಚಾಗಿ ಟಿವಿ ಮತ್ತು ಟಿಕೆಟ್ ಲೆಕ್ಕದಿಂದ ಹುಟ್ಟುತ್ತವೆ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಲೀಗ್ ಎಂದರೆ ವ್ಯಾಪಾರವೇ. ಏಳರಿಂದ ಹತ್ತನೆಯ ಸ್ಥಾನದವರಿಗೆ ಅವಕಾಶ ಕೊಡುವ ಪ್ಲೇ-ಇನ್ ಪಂದ್ಯಗಳು ನನಗೆ ಒಪ್ಪಿಗೆ. 2023ರಲ್ಲಿ ಮಯಾಮಿ ಹೀಟ್ ಆ ಬಾಗಿಲಿನಿಂದಲೇ ನುಗ್ಗಿ ಫೈನಲ್‌ವರೆಗೆ ಹೋಯಿತು. ಅದೇ ವರ್ಷ ಶುರುವಾದ ಋತುಮಧ್ಯದ ಕಪ್ ಇನ್ನೂ ಬೇರು ಬಿಟ್ಟಂತೆ ಕಾಣುವುದಿಲ್ಲ. ನನಗೆ ಒಪ್ಪಿಗೆಯಾಗದಿರುವುದು 65 ಪಂದ್ಯದ ನಿಯಮ. ತಾರೆಗಳು ವಿಶ್ರಾಂತಿಯ ನೆಪದಲ್ಲಿ ಪಂದ್ಯ ತಪ್ಪಿಸದಿರಲಿ ಎಂದು, ಅಷ್ಟು ಪಂದ್ಯ ಆಡದವರಿಗೆ ಪ್ರಮುಖ ಪ್ರಶಸ್ತಿ ಇಲ್ಲ ಎಂದರು. ಮೊದಲ ವರ್ಷವೇ, ಹಾಲಿ ಅತ್ಯಮೂಲ್ಯ ಆಟಗಾರ ಜೋಯೆಲ್ ಎಂಬೀಡ್ ಮಂಡಿ ಪೆಟ್ಟಿನಿಂದ 39 ಪಂದ್ಯಕ್ಕೆ ನಿಂತು ಪ್ರಶಸ್ತಿಯ ಲೆಕ್ಕದಿಂದ ಹೊರಬಿದ್ದರು. ನೋವಿನಲ್ಲಿರುವ ಕಾಲಿಗೂ ಸೋಮಾರಿ ಕಾಲಿಗೂ ಈ ನಿಯಮ ಒಂದೇ ಅಳತೆಗೋಲು ಹಿಡಿಯುತ್ತದೆ.

ನಮ್ಮಲ್ಲಿ ಆಡುವುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾದ ನಿಯಮ. ಅಲ್ಲಿ 30 ಸೆಕೆಂಡಿದ್ದ ಶಾಟ್ ಕ್ಲಾಕ್ ಅವಧಿ 2000ದಲ್ಲಿ 24ಕ್ಕೆ ಇಳಿಯಿತು, 6.25 ಮೀಟರಿನ ಮೂರಂಕದ ಗೆರೆ 2010ರಲ್ಲಿ 6.75ಕ್ಕೆ ಸರಿಯಿತು. ಈ ಬದಲಾವಣೆಗಳು ಕರ್ನಾಟಕದ ಅಂಗಳಗಳಿಗೆ ಯಾವಾಗ ಮುಟ್ಟಿದವು? ಯಾವ ಕಾಲೇಜು ಗೆರೆಗೆ ಹೊಸ ಬಣ್ಣ ಹೊಡೆಸಿತು? ಶಾಟ್ ಕ್ಲಾಕ್ ಫಲಕವಿಲ್ಲದ ಕಡೆ ಇಪ್ಪತ್ತನಾಲ್ಕನ್ನು ಎಣಿಸುವವರು ಯಾರು? ಇದನ್ನೆಲ್ಲ ಕಂಡ ತೀರ್ಪುಗಾರರು, ಟೇಬಲ್ ಅಧಿಕಾರಿಗಳು ಈ ಸಭೆಯಲ್ಲೇ ಕೂತಿದ್ದಾರೆ. ಸಂಶೋಧನಾ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೆ, ನಾಳೆ ಸಂಜೆ ಹೊರಡುವ ಮುಂಚೆ ಅವರ ಪಕ್ಕ ಕೂತು ಕೇಳಿ ಬರೆದುಕೊಳ್ಳಿ.