ಯೂರಿಯಾ ಚೀಲದ ಹಿಂದಿನ ಹೊಗೆ



ಗುಂಡ್ಲುಪೇಟೆಯ ಅರಿಶಿನ, ಬಾಳೆಗೂ ಚಾಮರಾಜನಗರದ ಕಬ್ಬಿಗೂ ಸುರಿಯುವ ಯೂರಿಯಾದ ಹೊಗೆ ಹೊಲದಲ್ಲಿ ಕಾಣದು. ಅದು ದೂರದ ಕಾರ್ಖಾನೆಯಲ್ಲಿ ಏಳುತ್ತದೆ. ಯೂರಿಯಾದ ಮೂಲ ಅಮೋನಿಯಾ. ಅದಕ್ಕೆ ಬೇಕಾದ ಜಲಜನಕವನ್ನು ಇಂದು ಬಹುಪಾಲು ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ. ಬಿಸಿಲು, ಗಾಳಿಯ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಪಡೆದರೆ ಅದು ಹಸಿರು ಜಲಜನಕ.

ಇದು ಕೇವಲ ಕನಸಲ್ಲ. 1960ರ ದಶಕದಲ್ಲೇ ಪಂಜಾಬಿನ ನಂಗಲ್ ಕಾರ್ಖಾನೆಯು ಭಾಕ್ರಾದ ಜಲವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಗೊಬ್ಬರ ತಯಾರಿಸಿತ್ತು. ಕೇಂದ್ರ ಸರ್ಕಾರವು 2023ರಲ್ಲಿ ಹಸಿರು ಜಲಜನಕ ಅಭಿಯಾನಕ್ಕೆ ಒಪ್ಪಿಗೆ ನೀಡಿದೆ.

ಆದರೆ ಹೊಲಕ್ಕೆ ಹೆಚ್ಚಾಗಿ ಬಿದ್ದ ಯೂರಿಯಾದ ಒಂದಂಶ ನೈಟ್ರಸ್ ಆಕ್ಸೈಡ್ ಆಗುತ್ತದೆ. ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಪ್ರಬಲ. ಅದನ್ನು ಯಾವ ಜಲಜನಕವೂ ತಡೆಯದು. ಕಾರ್ಖಾನೆಯನ್ನು ಹಸಿರಾಗಿಸುವ ಹೊಣೆ ಸರ್ಕಾರದ್ದು. ಹುರುಳಿ, ಅಲಸಂದೆ, ಹಸಿರೆಲೆ ಗೊಬ್ಬರದಿಂದ ಚೀಲಗಳ ಎಣಿಕೆ ತಗ್ಗಿಸುವ ಹೊಣೆ ಒಕ್ಕಲಿನದು.